ಅಕ್ಕನ ರಜಾಯಿ ಒಗೆದ ದಿನ

ಕೀಲಂಗ್
ಹಳೇ ವರ್ಷದ ಕೊನೆಯ ತಿಂಗಳು, ಇಪ್ಪತ್ತೈದು
ಮಧ್ಯಾಹ್ನ

ಪ್ರೀತಿಯ ಅಕ್ಕ,

ಇವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಎದುರು ಮನೆಯ ಲೈ ಅಜ್ಜಿ ಕಂಡಳು. ಹಬ್ಬಕ್ಕೆ ಮಾಡಿದ ಸಾಸೇಜುಗಳನ್ನು ಬಿದಿರು ಗಳಕ್ಕೆ ತೂಗುಹಾಕಿ ಮುಂದೆ ಟೇಬಲ್ ಫ್ಯಾನ್ ಇಟ್ಟಿದ್ದಳು. ಅದೇ ಗಳದ ತುದಿಯಲ್ಲಿ ತಾತನ ಬನಿಯನ್. ಫ್ಯಾನು ಆ ಕಡೆ ತಿರುಗಿದರೆ ಸಾಸೇಜಿಗೆ ಗಾಳಿ, ಈ ಕಡೆ ತಿರುಗಿದರೆ ಬನಿಯನ್ನಿಗೆ. ಎರಡೂ ಒಣಗುವ ಲಕ್ಷಣ ಕಾಣಲಿಲ್ಲ. ನೀನಿದ್ದಿದ್ದರೆ ಏನಾದರೂ ಅಂದು ನನ್ನ ಬಾಯಿಯ ನೊರೆ ಹಾರುವಷ್ಟು ನಗಿಸುತ್ತಿದ್ದೆ. ಒಬ್ಬಳೇ ನಿಂತು ನಗಲು ನನಗೆ ಇನ್ನೂ ನಾಚಿಕೆ.

ಚೆನ್ನಾಗಿದ್ದೀಯಾ? ನೀನಿರುವ ಕಾವೋಶುಂಗಿನಲ್ಲಿ ಬಿಸಿಲಿದೆ ಎಂದು ಬರೆದಿದ್ದೆ. ಇಲ್ಲಿ ಮಳೆ ಬಿಟ್ಟಿಲ್ಲ. ಗೋಡೆಗೆ ಒರಗಿದರೆ ಬೆನ್ನು ಒದ್ದೆಯಾಗುತ್ತದೆ. ನಿನ್ನ ಪತ್ರ ಬಂದು ಎರಡು ವಾರ ದಾಟಿತು. ಉತ್ತರ ತಡವಾಯಿತು, ಕೋಪ ಮಾಡಿಕೊಳ್ಳಬೇಡ. ನೀನು ಮುಖ್ಯವಾಗಿ ಕೇಳಿದ್ದು ಒಂದೇ ಮಾತು: ವರ್ಷದ ಕೊನೆಯ ಸಂಜೆಯ ಊಟಕ್ಕೆ ಮನೆಗೆ ಬರಬಹುದಾ, ಅಮ್ಮನನ್ನು ಕೇಳಿ ಬರೆ, ಎಂದು. ಕೇಳಲು ನನಗೆ ಬಾಯಿ ಬರಲಿಲ್ಲ. ಬೆಳಿಗ್ಗೆ ಕೇಳೋಣ ಅಂದುಕೊಳ್ಳುತ್ತಿದ್ದೆ. ಬೆಳಿಗ್ಗೆ ಅಮ್ಮನಿಗೆ ಮೊಣಕಾಲು ನೋವು. ಸಂಜೆ ಅಂದುಕೊಂಡರೆ ಅಣ್ಣ ಮನೆಯಲ್ಲಿರುತ್ತಿದ್ದ. ಫೋನ್ ಮಾಡೋಣವೆಂದರೆ ನಮ್ಮ ಮನೆ ನಿನಗೆ ಗೊತ್ತೇ ಇದೆ, ಒಂದು ಮೂಲೆಯಲ್ಲಿ ಆಕಳಿಸಿದರೆ ಇನ್ನೊಂದು ಮೂಲೆಗೆ ಕೇಳುತ್ತದೆ.

ಆ ಹಳೇ ಮಾತನ್ನು ಅಮ್ಮ ನಿಜವಾಗಿಯೂ ನಂಬುತ್ತಾಳಾ ಎಂದು ಕೇಳಿದ್ದೀಯ. ಗಂಡನನ್ನು ಬಿಟ್ಟು ಬಂದ ಮಗಳು ಆ ಸಂಜೆ ತವರಿನ ಊಟಕ್ಕೆ ಕೂತರೆ ಅಣ್ಣತಮ್ಮಂದಿರಿಗೆ ಕೇಡು ಎನ್ನುವ ಮಾತು. ನಾವಿಬ್ಬರೂ ಚಿಕ್ಕವರಿದ್ದಾಗ ಅದನ್ನು ಕೇಳಿ ನಗುತ್ತಿದ್ದೆವು. ಆದರೆ ಹೋದ ವರ್ಷ ನೀನು ಗಂಡನ ಮನೆ ಬಿಟ್ಟು ಬ್ಯಾಗು ಹಿಡಿದು ಬಂದು ಅದೇ ಸಂಜೆ ನಮ್ಮ ಜೊತೆ ಊಟ ಮಾಡಿದೆ. ವಸಂತ ಬರುವಷ್ಟರಲ್ಲಿ ಬಂದರಿನಲ್ಲಿ ಹಗ್ಗ ಕಿತ್ತು ಅಣ್ಣನ ಕೈ ಮುರಿಯಿತು. ಎರಡನ್ನೂ ಜೋಡಿಸಿ ಅಮ್ಮ ಒಂದು ಮಾತೂ ಆಡಿದವಳಲ್ಲ. ಆಡದೆ ಇದ್ದದ್ದೇ ನನಗೆ ಭಯ ಹುಟ್ಟಿಸಿದ್ದು.

ನಿನ್ನೆ ಮನೆಯ ದೇವರುಗಳನ್ನು ವರ್ಷದ ಲೆಕ್ಕ ಒಪ್ಪಿಸಲು ಮೇಲಿನ ಲೋಕಕ್ಕೆ ಕಳಿಸಿಕೊಟ್ಟದ್ದಾಯಿತು. ಇನ್ನು ಅವರು ಇಳಿದು ಬರುವ ಮೊದಲು ಮನೆ ಗುಡಿಸಿ ಒರೆಸಿ ಒಗೆದು ಮುಗಿಸಬೇಕು. ಹೊಸ ವರ್ಷದ ಮೊದಲ ಎರಡು ದಿನ ನೀರಿಗೆ ಬಟ್ಟೆ ತೋರಿಸುವ ಹಾಗಿಲ್ಲವಲ್ಲ. ಈ ಬೆಳಿಗ್ಗೆ ಅಮ್ಮ ಹೊದಿಕೆಗಳನ್ನೆಲ್ಲ ಚೀಲಗಳಿಗೆ ತುಂಬುತ್ತಿದ್ದಳು. ಕಪಾಟಿನ ಮೇಲಿನಿಂದ ನಿನ್ನ ರಜಾಯಿಯನ್ನೂ ತಾನೇ ಸ್ಟೂಲ್ ಹತ್ತಿ ಇಳಿಸಿದಳು. ಬಿಳಿಯ ಮೇಲೆ ಸಣ್ಣ ನೀಲಿ ಹೂವಿನದು, ನೀನು ಕಾಲೇಜಿಗೆ ಹೋಗುವಾಗಿನದು. ನನ್ನ ಎದೆ ಹಗುರಾಯಿತು ಅಕ್ಕ. ಮಲಗಲು ಯಾರೂ ಬರುವುದಿಲ್ಲವೆಂದರೆ ಒಗೆಯುವುದೇಕೆ? ಇವತ್ತು ಕೇಳಿಯೇಬಿಡುತ್ತೇನೆ ಎಂದುಕೊಂಡೆ.

ಅತ್ತಿಗೆಗೆ ಅಂಗಡಿಯಲ್ಲಿ ರಜೆಯಿಲ್ಲ. ಹಾಗಾಗಿ ಅಣ್ಣ, ಅಮ್ಮ, ನಾನು, ಜೊತೆಗೆ ಅಣ್ಣನ ಮಕ್ಕಳಿಬ್ಬರು, ಎಲ್ಲರೂ ವ್ಯಾನಿನಲ್ಲಿ ಹೊರಟೆವು. ಆನ್‌ಛಿ ಈಗ ಒಂದನೇ ಕ್ಲಾಸು. ಮುಂದಿನ ಹಲ್ಲು ಬಿದ್ದು, ಎಲ್ಲರಿಗಿಂತ ತಾನೇ ದೊಡ್ಡವಳೆಂಬ ಗತ್ತು ಬಂದಿದೆ. ದೌದೌಗೆ ಮೂರು ತುಂಬಿತು. ದಾರಿಯಲ್ಲಿ ಮಾರುಕಟ್ಟೆಯ ಬಾಯಲ್ಲಿ ಅಮ್ಮ ಬಾಗಿಲಿಗೆ ಹಚ್ಚುವ ಕೆಂಪು ಕಾಗದಗಳನ್ನು ಕೊಂಡಳು. ಅಚ್ಚು ಹಾಕಿದ್ದು ಬೇಡವೆಂದು, ಕೈಯಲ್ಲಿ ಬರೆದು ಕೊಡುವ ಮುದುಕನ ಹತ್ತಿರವೇ ಬರೆಸಿಕೊಂಡಳು. ‘ಭಾಗ್ಯ’ ಎಂಬ ಅಕ್ಷರ ಬರೆದ ದೊಡ್ಡ ಹಾಳೆಯನ್ನು ಆನ್‌ಛಿ ತಾನೇ ಹಿಡಿದುಕೊಳ್ಳುತ್ತೇನೆಂದು ಹಟ ಮಾಡಿ ಮಡಿಲಲ್ಲಿ ಇಟ್ಟುಕೊಂಡಳು.

ಬೆಟ್ಟದ ಬುಡದ ಆ ಲಾಂಡ್ರಿಗೆ ಇಡೀ ಊರೇ ಬಂದಿತ್ತು ಅಂದರೂ ನಡೆದೀತು. ಪ್ರತಿ ಯಂತ್ರದ ಮುಂದೆ ಒಬ್ಬರು ಕಾವಲು. ಅಣ್ಣ ಚೀಲಗಳನ್ನು ಇಳಿಸಿ, ಗಾಡಿ ನಿಲ್ಲಿಸಲು ಜಾಗವಿಲ್ಲ, ಪೊಲೀಸರು ಬಂದರೆ ಕಷ್ಟ ಎಂದು ಹೊರಗೇ ಉಳಿದ. ಅವನ ನೆಪ ನನಗೆ ಗೊತ್ತು, ನನ್ನ ನೆಪಗಳೂ ಅದೇ ಜಾತಿಯವು. ಚೀಲ ಕೊಡುವಾಗ ಅವನಿಗೆ ಮೆಲ್ಲಗೆ ನಿನ್ನ ಪತ್ರದ ವಿಷಯ ಹೇಳಿದೆ. ಅವನು ಮುರಿದು ಕೂಡಿದ ಕೈಯ ಬೆರಳುಗಳನ್ನು ಒಂದು ಸಲ ಮಡಚಿ ಬಿಡಿಸಿ, “ನಂಗೇನಿದೆ, ಬರಲಿ. ಆದ್ರೆ ಅಮ್ಮಂಗೆ ಹೇಳೋಳು ನೀನೇ, ನನ್ನ ಎಳೀಬೇಡ,” ಅಂದ.

ಯಂತ್ರ ಖಾಲಿಯಾಗುವಷ್ಟರಲ್ಲಿ ದೌದೌ ಬಟ್ಟೆಯ ತಳ್ಳುಗಾಡಿಯಲ್ಲಿ ಕೂತು ಇಬ್ಬರ ಕಾಲಿಗೆ ಗುದ್ದಿದ್ದ, ಯಾರದೋ ಕಾಲುಚೀಲವನ್ನು ಟೋಪಿ ಮಾಡಿಕೊಂಡಿದ್ದ, ಸಾಬೂನಿನ ಪುಡಿ ನೆಕ್ಕಿ ಥೂ ಥೂ ಎಂದು ಅತ್ತಿದ್ದ. ನಮ್ಮ ಸರದಿ ಬಂತು. ಆದರೆ ಅಮ್ಮ ಒದ್ದೆ ಬಟ್ಟೆ ಹಿಡಿದು ಯಂತ್ರದ ಒಳಗನ್ನು ಒರೆಸಲು ಶುರುಮಾಡಿದಳು. ಹಿಂದಿನವರು ಏನು ಹಾಕಿದ್ದರೋ, ವರ್ಷದ ಕೊನೆಯಲ್ಲಿ ಬೇರೆಯವರ ಕೊಳೆ ನಮಗೇಕೆ, ಎಂದು ಒರೆಸಿದ್ದನ್ನೇ ಮತ್ತೆ ಒರೆಸಿದಳು. ಹಿಂದೆ ಟ್ಯಾಕ್ಸಿಯ ಸೀಟಿನ ಬಟ್ಟೆಗಳನ್ನು ಹೊತ್ತು ನಿಂತಿದ್ದ ಡ್ರೈವರ್ ಒಬ್ಬ ತಡೆಯಲಾರದೆ, “ಅಮ್ಮೋರೇ, ನೀವು ಒರೆಸಿ ಮುಗಿಸೋಷ್ಟರಲ್ಲಿ ದೇವ್ರುಗಳು ವಾಪಸ್ ಬಂದಿರ್ತಾರೆ,” ಅಂದ. ಅಮ್ಮ ಬಿಡುತ್ತಾಳೆಯೇ? “ಬರಲಿ ಬಿಡಪ್ಪ, ನಿನ್ ಸೀಟಿನ ವಾಸನೆಗೆ ಹಾಗೇ ತಿರುಗಿ ಹೋಗ್ತಾರೆ.” ಸಾಲಿನವರೆಲ್ಲ ನಕ್ಕರು. ನಾನು ನೆಲ ನೋಡಿದೆ.

ಅಷ್ಟರಲ್ಲಿ ದೌದೌಗೆ ಅವಸರವಾಯಿತು. ಲಾಂಡ್ರಿಯಲ್ಲಿ ಅದಕ್ಕೆ ಅನುಕೂಲವಿಲ್ಲ. ಅವನನ್ನು ಕಂಕುಳಲ್ಲಿ ಎತ್ತಿಕೊಂಡು, ಕೊಡೆ ಮರೆತು, ಮಳೆಯಲ್ಲಿ ಮೂಲೆಯ ದೇವಸ್ಥಾನದ ಶೌಚಾಲಯಕ್ಕೆ ಓಡಿದೆ. ತಲುಪುವ ಮೊದಲೇ ನನ್ನ ಸೊಂಟದ ಮೇಲೆ ಬೆಚ್ಚಗಾಯಿತು. ಅವನು ಬಹಳ ಗಂಭೀರವಾಗಿ, “ಚಿಕ್ಕತ್ತೆ, ಈಗ ಬೇಡ,” ಅಂದ.

ವಾಪಸು ಬಂದಾಗ ಅಮ್ಮ ಇನ್ನೂ ಡ್ರೈವರ್ ಜೊತೆ ವಾದಿಸುತ್ತಿದ್ದಳು. ಯಂತ್ರ ತಿರುಗುತ್ತಿತ್ತು. ಆನ್‌ಛಿ ಅದರ ದುಂಡನೆಯ ಗಾಜಿಗೆ ಮೂಗು ಒತ್ತಿ ಕೂತಿದ್ದಳು. ಒಳಗೆ ನೀರು ಗುಲಾಬಿಯಾಗಿತ್ತು. ನೋಡುತ್ತಿದ್ದಂತೆಯೇ ಕೆಂಪಾಯಿತು. ಅವಳ ಮಡಿಲಲ್ಲಿದ್ದ ಕಾಗದ ಎಲ್ಲೂ ಕಾಣಲಿಲ್ಲ.

ಬಾಗಿಲು ಎಳೆದೆ, ತೆರೆಯಲಿಲ್ಲ. ನೀರು ತುಂಬಿದ ಮೇಲೆ ಅದು ಸುತ್ತು ಮುಗಿಯುವ ತನಕ ಬಿಡುವುದಿಲ್ಲ. ನಾವು ಐದಾರು ಜನ, ಆ ಡ್ರೈವರನೂ ಸೇರಿ, ನಿನ್ನ ರಜಾಯಿ ಕೆಂಪು ನೀರಿನಲ್ಲಿ ಏಳುವುದನ್ನೂ ಬೀಳುವುದನ್ನೂ ನೋಡುತ್ತ ನಿಂತೆವು. ಅಮ್ಮ ಆನ್‌ಛಿಯ ತೋಳು ಹಿಡಿದು, ಯಾಕೆ ಹಾಕಿದೆ, ತಲೆ ಕೆಟ್ಟಿದೆಯಾ, ಎಂದು ಗದರಿದಳು. ಮಗು ಅಳಲಿಲ್ಲ. ಪಾಠ ಒಪ್ಪಿಸುವವಳಂತೆ ಹೇಳಿತು:

“ನೀವೇ ಅಮ್ಮಂಗೆ ಹೇಳ್ತಿದ್ರಲ್ಲ ಅಜ್ಜಿ, ದೊಡ್ಡತ್ತೆ ಬಂದ್ರೆ ಅಪ್ಪನ ಭಾಗ್ಯ ಹೋಗತ್ತೆ ಅಂತ. ಅದಕ್ಕೇ ದೊಡ್ಡತ್ತೆ ರಜಾಯಿಗೂ ಸ್ವಲ್ಪ ಭಾಗ್ಯ ಹತ್ಕೊಳ್ಳಲಿ ಅಂತ ಹಾಕ್ದೆ. ಆಗ ಅವ್ರೂ ಬರಬಹುದಲ್ವಾ?”

ಅಮ್ಮ ಮಗುವಿನ ತೋಳು ಬಿಟ್ಟಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿಲ್ಲ. ಬೆಂಚಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳತೊಡಗಿದಳು. ಯಂತ್ರ ನಿಂತ ಮೇಲೆ ರಜಾಯಿಯನ್ನು ಹೊರಗೆಳೆದು, ಮಡಿಲ ಮೇಲೆ ಹರಡಿಕೊಂಡು, ಹೊಲಿಗೆಗಳಲ್ಲಿ ಸಿಕ್ಕಿಕೊಂಡಿದ್ದ ಕಾಗದದ ಚೂರುಗಳನ್ನು ಉಗುರಿನಿಂದ ಒಂದೊಂದಾಗಿ ಕಿತ್ತಳು. ನಾನೂ ಕಿತ್ತೆ, ಆನ್‌ಛಿಯೂ ಕಿತ್ತಳು. ಮತ್ತೊಮ್ಮೆ ಒಗೆಯಲು ಸರದಿಯಿರಲಿಲ್ಲ. ಡ್ರೈವರ್ ತನ್ನ ಸರದಿ ಬಿಟ್ಟುಕೊಟ್ಟು, “ಹಾಕಿ ಅಮ್ಮೋರೇ, ನನ್ ಸೀಟಿಗೆ ಯಾರು ದೃಷ್ಟಿ ಹಾಕ್ತಾರೆ,” ಅಂದ. ಈ ಸಲ ಅಮ್ಮ ತಲೆ ತಗ್ಗಿಸಿ ರಜಾಯಿಯನ್ನು ಮತ್ತೆ ಯಂತ್ರಕ್ಕೆ ತುರುಕಿದಳು. ಎಷ್ಟು ಒಗೆದರೂ ಗುಲಾಬಿ ಬಣ್ಣ ಹೋಗಲಿಲ್ಲ. ನೀಲಿ ಹೂಗಳೀಗ ನೇರಳೆ ಬಣ್ಣಕ್ಕೆ ತಿರುಗಿವೆ.

ಒಣಗಿಸುವ ಯಂತ್ರದಿಂದ ತೆಗೆದು, ಇಬ್ಬರೂ ಎರಡೆರಡು ಮೂಲೆ ಹಿಡಿದು ಮಡಿಸುವಾಗ ಕೊನೆಗೂ ಕೇಳಿದೆ. ಅಕ್ಕ ಆ ಸಂಜೆ ಬರಬೇಕು ಅಂತಿದ್ದಾಳೆ, ಬರಲಾ ಅಂತ ಕೇಳಿದ್ದಾಳೆ, ಅಂದೆ. ನನ್ನ ಮೂಲೆಗಳನ್ನು ಕೊಡಲು ಅಮ್ಮನ ಹತ್ತಿರ ಹೋದಾಗ ಅವಳ ಬೆರಳು ನನ್ನ ಬೆರಳಿಗೆ ತಾಗಿತು, ರಜಾಯಿಗಿಂತ ಬಿಸಿಯಾಗಿತ್ತು. ಉತ್ತರ ಹೇಳಿದಳು. ಅದನ್ನು ಬರೆಯುತ್ತೇನೆ, ಸ್ವಲ್ಪ ತಾಳು.

ವಾಪಸು ಬರುವಾಗ ಅಣ್ಣ ಏನಾಯಿತೆಂದು ಕೇಳಿದ. ದೌದೌ ಮಾತ್ರ, “ನೀರು ಕೆಂಪು, ನೀರು ಕೆಂಪು,” ಎಂದು ಮನೆಯವರೆಗೂ ಹಾಡಿದ. ಈಗ ಮಕ್ಕಳು ಮಲಗಿದ್ದಾರೆ. ಅಮ್ಮ ಅಡುಗೆಮನೆಯಲ್ಲಿ ಮೂಲಂಗಿ ತುರಿಯುತ್ತಿದ್ದಾಳೆ, ಹಬ್ಬದ ಕಡುಬಿಗೆ. ಇಂಥ ಮಧ್ಯಾಹ್ನಗಳಲ್ಲಿ ನೀನು ಹಸಿ ಮೂಲಂಗಿ ಕದ್ದು ತಂದು ನನಗೂ ಅರ್ಧ ಕೊಡುತ್ತಿದ್ದೆ. ನನ್ನ ಬದಲಿಗೆ ಯಾವಾಗಲೂ ನೀನೇ ಬೈಸಿಕೊಳ್ಳುತ್ತಿದ್ದೆ. ನಿನ್ನ ಪರವಾಗಿ ಬಾಯಿ ತೆರೆಯಬೇಕಾದಾಗ ನಾನು ಎರಡು ವಾರ ತೆಗೆದುಕೊಂಡೆ, ಅದೂ ಒಂದು ಮಗು ಎಲ್ಲರ ಎದುರು ಹೇಳಿದ ಮೇಲೆ.

ಹೊಟ್ಟೆ ತುಂಬ ಊಟ ಮಾಡು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತಿರುತ್ತೀಯ, ಕಾಲಿಗೆ ಬಿಸಿನೀರು ಹಾಕಿಕೊಳ್ಳುವುದನ್ನು ಮರೆಯಬೇಡ. ಬರುವ ವರ್ಷ ನಿನಗೆ ಹಗುರವಾಗಿರಲಿ, ನಿನ್ನ ಕಿಟಕಿಗೆ ಬಿಸಿಲು ತಪ್ಪದಿರಲಿ. ಆನ್‌ಛಿ ತಾನೂ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದ್ದಾಳೆ.

ನಿನ್ನ ತಂಗಿ,
ಯೂಲಿನ್

ಇದು ಮರೆತು ಉಳಿದದ್ದಲ್ಲ ಅಕ್ಕ, ಮೇಲೆ ಬರೆಯಲಾಗದೆ ಉಳಿದದ್ದು:

ಮಡಿಸುವಾಗ ಅಮ್ಮ ಹೇಳಿದ್ದು ಹೀಗೆ. “ಹೊಸ ವರ್ಷದ ಎರಡನೇ ದಿನ ಬರಲಿ, ಮೂರನೇ ದಿನ ಬರಲಿ. ಆ ಸಂಜೆ ಬೇಡ. ನಂಗೂ ಅದರಲ್ಲಿ ಪೂರ್ತಿ ನಂಬಿಕೆ ಇಲ್ಲ ಕಣೇ. ಆದ್ರೆ ಅವನ ಕೈಗೆ ಇನ್ನೊಂದು ಸಲ ಏನಾದ್ರೂ ಆದ್ರೆ, ನಾನು ನಿನ್ನಕ್ಕ ಪೇಯುನ್ ಮುಖ ಹೇಗೆ ನೋಡ್ಲಿ? ನನ್ನ ಬಾಯಲ್ಲಿ ಹೇಳೋಕ್ಕಾಗಲ್ಲ. ನೀನು ಸಾಹಿತ್ಯ ಓದಿದೋಳು, ಅವಳಿಗೆ ನೋವಾಗದ ಹಾಗೆ ಬರಿ.”

ಇಷ್ಟು ಪುಟ ಬರೆದೆ. ನೋವಾಗದ ಹಾಗೆ ಹೇಳುವ ಒಂದು ವಾಕ್ಯಕ್ಕಾಗಿ ಹುಡುಕಿದೆ. ಅದು ನಾನು ಓದಿದ್ದರಲ್ಲೆಲ್ಲೂ ಇಲ್ಲ.

ಇನ್ನೊಂದು ಮಾತನ್ನೂ ಅಮ್ಮ ಬರೆಯಲು ಹೇಳಿದಳು. ದೂರ ಇರುವವರಿಗೆ ಇಡುವ ಹಾಗೆ ಆ ಸಂಜೆ ಮೇಜಿನ ಮೇಲೆ ನಿನ್ನ ಬಟ್ಟಲು, ನಿನ್ನ ಊಟದ ಕಡ್ಡಿ ಇಟ್ಟೇ ಇಡುತ್ತಾಳಂತೆ. ಮೊದಲ ತುಂಡು ಮೀನು ಅದಕ್ಕೇ ಹಾಕುತ್ತಾಳಂತೆ. ಬಟ್ಟಲು ಬಂದರೆ ಕೇಡಿಲ್ಲ, ನೀನು ಬಂದರೆ ಕೇಡು. ಇದನ್ನು ಹೇಳುವಾಗ ಅವಳ ದನಿಯಲ್ಲಿ ಎಷ್ಟು ಪ್ರೀತಿಯಿತ್ತೆಂದರೆ, ನನಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಆ ದಿನ ಬೆಳಗಿನ ರೈಲಿನಲ್ಲಿ ಕೂರಲು ಜಾಗ ಸಿಗಲಿಲ್ಲ, ನಿಂತೇ ನಿನ್ನ ಹತ್ತಿರ ಬರುತ್ತೇನೆ. ಇನ್ನೂ ಯಾರಿಗೂ ಹೇಳಿಲ್ಲ. ಹಿಂದಿನ ದಿನ ಅಮ್ಮ ಪಾತ್ರೆ ಜೋಡಿಸುವಾಗ ಹತ್ತಿರ ಹೋಗಿ ನಿಂತು ಹೇಳುತ್ತೇನೆ: ಈ ಸಲ ದೂರ ಇರುವವರಿಗೆ ಎರಡು ಬಟ್ಟಲು ಇಡು ಎಂದು.