ಮೂರು ಕಾರುಗಳ ಕೇಸ್‌ಶೀಟು

ಮಾರ್ಚ್ 4, ಬೆಳಿಗ್ಗೆ 6.20

ಕೊಳ್ಳಲೆಂದು ಓಡಿಸಿ ನೋಡುತ್ತಿರುವ ಮೂರರಲ್ಲಿ ಮೊದಲನೆಯದು, ಕಪ್ಪು ಕಾರಿನ ಕೇಸ್‌ಶೀಟು ಮುಗಿಯಿತು. ಎಂಟು ಗೇರು. ನೂರು ಮುಟ್ಟಲು ಐದೂವರೆ ಸೆಕೆಂಡು. ಸೀಟು ಸೊಂಟವನ್ನು ಎರಡೂ ಕಡೆಯಿಂದ ಹಿಡಿದು ಕೂರಿಸುತ್ತದೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗವಿಲ್ಲ — ಹಿಂದೆ ಕೂರುವವರು ನಮ್ಮಲ್ಲಿ ಯಾರಿದ್ದಾರೆ?

ದೂರು ಒಂದೇ. ಎಂಬತ್ತರಲ್ಲಿ ಒಂದೇ ಸಮ ಹೋಗುವಾಗ ಸ್ಟೀರಿಂಗಿನಲ್ಲಿ ಸಣ್ಣ ಅದುರು. ಎಡಗೈಗೆ ಮಾತ್ರ. ತಿರುವಿನಲ್ಲಿ ಇಲ್ಲ.

ಇವರು ಕಾಫಿ ಇಟ್ಟು ಇಣುಕಿದರು. "ಕಾರಿಗೂ ಕೇಸ್‌ಶೀಟಾ? ನಾಲಿಗೆ ಚಾಚು ಅಂತ ಹೇಳಿಲ್ಲ ತಾನೆ?" ಮಕ್ಕಳಿಗೆ ಇತಿಹಾಸ ಪಾಠ ಮಾಡುವ ಮನುಷ್ಯ, ಮಾತಿಗೇನು ಕಮ್ಮಿ. ಅಣಕಿಸಲಿ. ಇಪ್ಪತ್ತಾರು ವರ್ಷದಿಂದ ಕಣ್ಣಿನ ಆಪರೇಶನ್ ಮಾಡುತ್ತಾ ಮಿಲಿಮೀಟರಿನಲ್ಲೇ ಬದುಕಿದವಳು ನಾನು. ಇನ್ನು ಸ್ವಲ್ಪ ದಿನ ಕಿಲೋಮೀಟರಿನಲ್ಲೂ ಬದುಕಬೇಕು.

ಎಂಟಕ್ಕೆ ಮೂರು ಕೇಸು. ಹೊರಟೆ.

ಮಾರ್ಚ್ 6, ಮಧ್ಯಾಹ್ನ 1.40

ಕಪ್ಪು ಕಾರಿನ ಸೇಲ್ಸ್‌ನವನಿಗೆ 'ಖಂಡಿತ' ಎಂದು ಹೆಸರಿಟ್ಟಿದ್ದೇನೆ. ಏನು ಕೇಳಿದರೂ "ಖಂಡಿತ ಮೇಡಂ." ನಾಲ್ಕೂ ಗಾಲಿ ಬಿಚ್ಚಿ ಬ್ಯಾಲೆನ್ಸ್ ನೋಡಿಸಿದನಂತೆ. "ಏನೂ ತೊಂದ್ರೆ ಇಲ್ಲ ಮೇಡಂ, ಮೆಷಿನ್‌ನಲ್ಲೇ ನೋಡಿದೀವಿ."

ಸಿಟ್ಟು ನೆತ್ತಿಗೇರಿತು. ಕೂದಲಿಗಿಂತ ತೆಳ್ಳಗಿನ ದಾರ ಹಿಡಿಯುವ ಕೈ ಇದು, ನಿಮ್ಮ ಮೆಷಿನ್‌ಗಿಂತ ಹೆಚ್ಚು ಗೊತ್ತಾಗುತ್ತೆ ಎಂದು ಜಂಬ ಕೊಚ್ಚಿಕೊಂಡೆ. ಸಾಲದ್ದಕ್ಕೆ ಅವನ ಮ್ಯಾನೇಜರ್‌ಗೆ ಒಂದು ಮೇಲ್. ದೋಷ ಮುಚ್ಚಿಡುತ್ತಿದ್ದಾನೆ, ಇತ್ಯಾದಿ.

ಬೆಳಿಗ್ಗೆ ಗಡಿಯಾರ ರಿಪೇರಿಯ ಯಜಮಾನರು ಬಂದಿದ್ದರು. ಬಲಗಣ್ಣು ಹುಡುಗನಾಗಿದ್ದಾಗಲೇ ಹೋಗಿದೆ. ಉಳಿದ ಎಡಗಣ್ಣಿಗೆ ಈಗ ಪೊರೆ, ಅದೂ ಗಟ್ಟಿ ಪೊರೆ. ಸೆಕೆಂಡಿನ ಮುಳ್ಳು ಕಾಣದೆ ಎರಡು ತಿಂಗಳಿಂದ ಅಂಗಡಿ ಮುಚ್ಚಿದ್ದಾರೆ. "ಇರೋದೊಂದೇ ಕಣ್ಣು ಡಾಕ್ಟ್ರೇ. ನಿಮ್ಮ ಕೈಗುಣ ನಂಬ್ಕೊಂಡು ಬಂದಿದೀನಿ."

ಇಪ್ಪತ್ತನೇ ತಾರೀಕು, ಶುಕ್ರವಾರ. ಮೊದಲ ಕೇಸು ಅವರದ್ದೇ.

ಮಾರ್ಚ್ 8, ಭಾನುವಾರ, ಬೆಳಿಗ್ಗೆ 11.30

ನೀಲಿ. ಬೇರೆ ಕಂಪನಿ. ಇವರೂ ಬಂದಿದ್ದರು.

ತಿರುವಿನಲ್ಲಿ ಹಳಿಯ ಮೇಲೆ ಹೋದ ಹಾಗೆ ಹೋಗುತ್ತದೆ. ಕಪ್ಪಿಗಿಂತ ಬ್ರೇಕು ಚುರುಕು. ಸ್ಪೋರ್ಟ್ ಮೋಡ್‌ನಲ್ಲಿ ಗುಂಡಿಗೆ ಇಳಿದರೆ ಮಾತ್ರ ಬೆನ್ನುಮೂಳೆಗೆ ನೇರ ಸುದ್ದಿ. ಎಂಬತ್ತಕ್ಕೆ ತಂದು ನಿಲ್ಲಿಸಿದೆ. ಕೈ ಸುಮ್ಮನೆ ಇಟ್ಟೆ.

ಬಂತು. ಅದೇ ಅದುರು. ಎಡಗೈ.

ಇವರಿಗೆ ಓಡಿಸಲು ಕೊಟ್ಟೆ. "ಬೆಣ್ಣೆ ಥರ ಇದೆಯಲ್ಲೇ. ಅದುರೂ ಇಲ್ಲ, ಗಿದುರೂ ಇಲ್ಲ." ಎರಡೂ ಕೈಯಲ್ಲಿ ಕುತ್ತಿಗೆ ಹಿಸುಕುವ ಹಾಗೆ ಹಿಡಿದರೆ ಏನು ಗೊತ್ತಾಗುತ್ತೆ ನಿಮಗೆ ಎಂದೆ.

ಮನೆಗೆ ಬಂದು ಕೂತು ಪಟ್ಟಿ ಮಾಡಿದೆ. ಟೈರು. ಬ್ಯಾಲೆನ್ಸು. ಅಲೈನ್‌ಮೆಂಟು. ರಸ್ತೆ. ಒಂದೊಂದೇ ಕಾರಣ ಹೊಡೆದು ಹಾಕುತ್ತಾ ಹೋಗಬೇಕು, ಉಳಿದದ್ದೇ ರೋಗ — ವಿದ್ಯಾರ್ಥಿಗಳಿಗೆ ಕಲಿಸುವುದು ಇದನ್ನೇ. ಎರಡಕ್ಕೂ ಒಂದೇ ಕಂಪನಿಯ ಟೈರು ಇದ್ದರೂ ಇರಬಹುದು. ಬೂದು ಬಣ್ಣದ್ದನ್ನು ನೋಡಿ ತೀರ್ಮಾನ.

ಮಾರ್ಚ್ 11, ಸಂಜೆ 5.50

ಬೂದು. ಶೋರೂಮಿನ ಒಳಗೇ ನಿಂತಿತ್ತು, ಗಾಜಿನ ಗೋಡೆಯ ಪಕ್ಕ. ಟೈರು ನೋಡಿದೆ. ಬೇರೆಯದೇ. ಸಮಾಧಾನವಾಯಿತು. ಒಳಗೆ ಕೂತೆ. ಮೂರರಲ್ಲಿ ಇದೇ ಚೆಂದ, ಒಳಗೆಲ್ಲ ಮರ ಮತ್ತು ಚರ್ಮ, ಹೊರಗಿನ ಸದ್ದು ಒಂದಿಷ್ಟೂ ಇಲ್ಲ. ಸೇಲ್ಸ್ ಹುಡುಗಿ ಪಕ್ಕದಲ್ಲಿ ಕೂತು ಸ್ಕ್ರೀನ್ ತೋರಿಸುತ್ತಿದ್ದಳು. ನಾನು ಸ್ಟೀರಿಂಗ್ ಮೇಲೆ ಕೈ ಇಟ್ಟು ಕೇಳಿಸಿಕೊಳ್ಳುತ್ತಿದ್ದೆ.

"ಇದರಲ್ಲೂ ಅದುರ್ತಾ ಇದೆಯಲ್ಲಮ್ಮ" ಎಂದೆ.

ಅವಳು ಸ್ಟೀರಿಂಗ್ ನೋಡಿದಳು. ಆಮೇಲೆ ನನ್ನ ಕೈ. ಆಮೇಲೆ ಬೇರೆ ಕಡೆ.

"ಮೇಡಂ... ಇಂಜಿನ್ ಇನ್ನೂ ಸ್ಟಾರ್ಟೇ ಮಾಡಿಲ್ಲ."

ಮಾರ್ಚ್ 15, ಭಾನುವಾರ, ಬೆಳಿಗ್ಗೆ 7

ಮೂರು ದಿನ ಬರೆಯಲಿಲ್ಲ. ಆಸ್ಪತ್ರೆಗೆ ಜ್ವರ ಎಂದಿದ್ದೇನೆ. ಇವರಿಗೂ ಜ್ವರ ಎಂದೇ ಹೇಳಿದ್ದೇನೆ. ಹಣೆ ಮುಟ್ಟಿ ನೋಡಿ, ಗಂಜಿ ಮಾಡಲು ಹೋದರು.

ಈ ಡೈರಿಯ ಹಿಂದಿನ ಪುಟಗಳನ್ನು ತಿರುವಿದೆ. ಜನವರಿಯ ಅಕ್ಷರಗಳು ದುಂಡಗೆ, ದೊಡ್ಡದಾಗಿವೆ. ಫೆಬ್ರವರಿಯಲ್ಲಿ ಕುಗ್ಗಿವೆ. ಮಾರ್ಚಿನದನ್ನು ಓದಲು ಕನ್ನಡಕ ಬೇಕು. ಬರೆದದ್ದೂ ನಾನೇ, ಕಣ್ಣಿನ ಡಾಕ್ಟರೂ ನಾನೇ, ಕಂಡಿರಲಿಲ್ಲ.

ಮೂರು ಕಂಪನಿ, ಮೂರು ಕಾರು, ಒಂದೇ ಲಕ್ಷಣ. ಪಟ್ಟಿಯಲ್ಲಿ ಟೈರಿತ್ತು, ರಸ್ತೆಯಿತ್ತು. ಓಡಿಸುವವಳ ಹೆಸರನ್ನು ಮಾತ್ರ ಬರೆದಿರಲಿಲ್ಲ. ಯಾವುದಾದರೂ ವಿದ್ಯಾರ್ಥಿ ಹೀಗೆ ಮಾಡಿದ್ದರೆ ವಾರ್ಡಿನಲ್ಲೇ ಕಿವಿ ಹಿಂಡುತ್ತಿದ್ದೆ.

ಹೆದರಿಕೆ ಆಗುತ್ತಿದೆ. ಬರೆದರೆ ಕಮ್ಮಿಯಾದೀತು ಎಂದುಕೊಂಡೆ. ಆಗಲಿಲ್ಲ.

ಮಾರ್ಚ್ 16, ಮಧ್ಯಾಹ್ನ 3

ಕಾಲೇಜಿನಲ್ಲಿ ಜೊತೆಗೆ ಓದಿದ ನರರೋಗದ ಗೆಳೆಯನ ಹತ್ತಿರ ಹೋದೆ. ನಡೆಸಿ ನೋಡಿದ. ಬೆರಳು ಕುಟ್ಟಿಸಿದ. ಕೈಯನ್ನು ತೊಡೆ ಮೇಲೆ ಇಟ್ಟುಕೊಂಡು ನೂರರಿಂದ ಹಿಂದಕ್ಕೆ ಎಣಿಸು ಎಂದ. ಎಂಬತ್ತಾರಕ್ಕೆ ಬರುವಷ್ಟರಲ್ಲಿ ಎಡಗೈ ಶುರು ಮಾಡಿತ್ತು.

ಪಾರ್ಕಿನ್ಸನ್. ಆರಂಭ. ಹೆಸರು ಅವನ ಬಾಯಿಂದ ಬರುವ ಮೊದಲೇ ನಾನೇ ಹೇಳಿಬಿಟ್ಟೆ.

"ಕೈ ಸುಮ್ನಿದ್ದಾಗ ತಾನೆ ನಡುಗೋದು? ಕೆಲಸಕ್ಕೆ ಹಾಕಿದ್ರೆ ನಿಲ್ಲುತ್ತಲ್ಲ?"

"ನಿಲ್ಲುತ್ತೆ."

"ಹಾಗಾದ್ರೆ ಶುಕ್ರವಾರದ ಕೇಸು ಮಾಡಬಹುದು."

"ಇವತ್ತು ನಿಲ್ಲುತ್ತೆ ಅಂದೆ. ಶುಕ್ರವಾರದ್ದು ನಾನು ಬರೆದು ಕೊಡಲ್ಲ ಕಣೇ."

ಒರಟ. ಕಾಲೇಜಿನಲ್ಲೂ ಹೀಗೇ ಇದ್ದ. ಮಾತ್ರೆಯ ಚೀಟಿ ಬರೆದುಕೊಟ್ಟು ಲಿಫ್ಟಿನವರೆಗೂ ಬಂದ. ಕಾರು ಓಡಿಸಬಹುದಂತೆ, ಸದ್ಯಕ್ಕೆ.

ಮಾರ್ಚ್ 17, ಬೆಳಿಗ್ಗೆ 7.45

ಬೇಗ ಬಂದು ಟ್ರೈನಿಂಗ್ ಕೋಣೆಯ ಬಾಗಿಲು ಹಾಕಿಕೊಂಡೆ. ಹೊಸಬರು ಅಭ್ಯಾಸ ಮಾಡುವ ಪ್ಲಾಸ್ಟಿಕ್ ಕಣ್ಣು. ಪೊರೆಯ ಮೇಲಿನ ಪದರವನ್ನು ದುಂಡಗೆ ಬಿಡಿಸಬೇಕು. ಹರಿದು ಅಂಚಿಗೆ ಹೋದರೆ ಕೇಸು ಕೆಟ್ಟಂತೆ. ಹತ್ತು ಸಲ ಮಾಡಿದೆ.

ಒಂಬತ್ತು ಸಲ ನಾಣ್ಯದಷ್ಟು ದುಂಡಗೆ ಬಂತು. ಇಡೀ ಆಸ್ಪತ್ರೆಯಲ್ಲಿ ಯಾರಿಗೂ ಹಾಗೆ ಬರುವುದಿಲ್ಲ. ಒಂದು ಸಲ, ತುದಿ ಮುಟ್ಟುವ ಮೊದಲು ಒಂದು ಗಳಿಗೆ ತಡೆದೆ. ಆ ಗಳಿಗೆಯಲ್ಲಿ ಅದುರು ಬಂತು. ಹರಿಯಿತು.

ಹತ್ತರಲ್ಲಿ ಒಂಬತ್ತು. ಗಡಿಯಾರದ ಯಜಮಾನರ ಹತ್ತಿರ ಇರುವುದು ಒಂದೇ ಕಣ್ಣು.

ಆದರೂ ಮನಸ್ಸು ವಾದ ಮಾಡುತ್ತಿದೆ. ಕೇಸನ್ನು ನನ್ನ ಜೂನಿಯರ್ ಸರ್ಜನ್‌ಗೆ ಬಿಟ್ಟರೆ ಅವಳು ಹತ್ತರಲ್ಲಿ ಹತ್ತು ಮಾಡುತ್ತಾಳೆ ಎಂದು ಯಾರು ಹೇಳಿದರು? ತಡೆಯದೆ ಮಾಡಿದರಾಯಿತು. ಯಾರಿಗೂ ಗೊತ್ತಿಲ್ಲ. ಇದೊಂದು ಮುಗಿಸಿ, ಮರ್ಯಾದೆಯಾಗಿ...

ಮಾರ್ಚ್ 18, ಸಂಜೆ 4.30

ನಾನು ಎಡಗೈಯವಳು. ನಮ್ಮ ಥಿಯೇಟರಿನಲ್ಲಿ ಒಬ್ಬಳೇ. ನನ್ನ ಕೇಸಿದ್ದರೆ ಸಿಸ್ಟರ್ ಟ್ರೇಯನ್ನು ಎಡಕ್ಕಿಟ್ಟು, ಎಲ್ಲವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಜೋಡಿಸುತ್ತಾರೆ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿದವರಲ್ಲ.

ಇವತ್ತು ಕೈ ತೊಳೆಯುವ ಜಾಗದಲ್ಲಿ ಹತ್ತಿರ ಬಂದರು. ಸುತ್ತ ಯಾರೂ ಇರಲಿಲ್ಲ.

"ಮೇಡಂ, ಶುಕ್ರವಾರ ಟ್ರೇ ಯಾವ ಕಡೆ ಇಡ್ಲಿ?"

ನಲ್ಲಿ ಹರಿಯುತ್ತಿತ್ತು. ಮುಖ ನೋಡಲಾಗಲಿಲ್ಲ.

"ಎಷ್ಟು ದಿನದಿಂದ ಗೊತ್ತು?"

"ದಿನ ಲೆಕ್ಕ ಹಾಕ್ಬೇಡಿ ಮೇಡಂ, ಬಿಡಿ. ಒಂದೆರಡು ತಿಂಗಳು. ನಿಮ್ಮ ಕೈ ರೋಗಿ ಹಣೆ ಮೇಲೆ ಊರಿದ ಮೇಲೇನೇ ನಾನು ಸಾಮಾನು ಕೊಡ್ತಿದ್ದೆ. ಕೇಳೋ ಧೈರ್ಯ ಬರ್ಲಿಲ್ಲ. ಇದು ಒಂಟಿ ಕಣ್ಣು. ಅದಕ್ಕೆ ಕೇಳ್ದೆ."

ಕೆನ್ನೆಗೆ ಹೊಡೆದಂತಾಯಿತು. ಸಿಟ್ಟೂ ಬಂತು, ಅವರ ಮೇಲಲ್ಲ. ನಲ್ಲಿ ನಿಲ್ಲಿಸಿದವರು ಅವರೇ.

"ಬಲಕ್ಕಿಡಿ" ಎಂದೆ.

ಮಾರ್ಚ್ 19, ಮಧ್ಯಾಹ್ನ 12.15

ಇವರಿಗೆ ಹೇಳಿದೆ. ತಟ್ಟೆಯ ಮುಂದೆ ಕೂತಿದ್ದವರು ಎದ್ದು ಬಂದು ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಮುಚ್ಚಿಕೊಂಡರು. ಅತ್ತುಬಿಟ್ಟೆ. ಅತ್ತು ಮುಗಿಸಿದೆ.

'ಖಂಡಿತ'ನಿಗೆ ಫೋನ್. ಕಾರಿನಲ್ಲಿ ದೋಷ ಇರಲಿಲ್ಲ, ತಪ್ಪು ನನ್ನದು, ಮ್ಯಾನೇಜರ್‌ಗೂ ಬರೆದಿದ್ದೇನೆ ಎಂದೆ. ಪಾಪ, ವಾರವೆಲ್ಲ ಬೈಸಿಕೊಂಡಿದ್ದಾನೆ. "ಹಾಗಾದ್ರೆ ಬುಕ್ ಮಾಡ್ಲಾ ಮೇಡಂ?" ಎಂದ. ಗಟ್ಟಿ ಆಸಾಮಿ. ನಗು ಬಂತು. ಮಾಡಪ್ಪ ಎಂದೆ. ಮೂರರಲ್ಲಿ ಕಪ್ಪೇ ಸರಿ. ಬರೆದದ್ದೆಲ್ಲ ತಾಳೆ ನೋಡಿಯೇ ಹೇಳಿದ್ದು.

ಗಡಿಯಾರದ ಯಜಮಾನರಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ನನ್ನ ಕೈ ಸರಿಯಿಲ್ಲ, ಜೂನಿಯರ್ ಮಾಡುತ್ತಾಳೆ, ಬೇಡವಾದರೆ ಬೇರೆ ಆಸ್ಪತ್ರೆಗೆ ಬರೆದುಕೊಡುತ್ತೇನೆ. ಮುಖ ಇಳಿದುಹೋಯಿತು. "ನೀವು ಪಕ್ಕದಲ್ಲೇ ಇರ್ತೀರಾ?" ಎಂದರು.

ಮಾರ್ಚ್ 20, ಮಧ್ಯಾಹ್ನ 1.05

ಕಣ್ಣಿಗೆ ಮಾತ್ರ ಅರಿವಳಿಕೆ ಕೊಡುವುದು. ರೋಗಿಗೆ ಪೂರ್ತಿ ಎಚ್ಚರ. ಮುಖದ ಮೇಲೆ ಬಟ್ಟೆ. ಅದಕ್ಕೇ ಒಬ್ಬರು ಪಕ್ಕದಲ್ಲಿ ಕೂತು ಕೈ ಹಿಡಿದಿರುತ್ತಾರೆ, ಕೆಮ್ಮು ಬಂದರೆ ಒತ್ತಲಿ ಎಂದು. ಸಾಮಾನ್ಯವಾಗಿ ಆಯಾ. ಇವತ್ತು ನಾನು.

ಆ ಸ್ಟೂಲಿನ ಮೇಲೆ ಇಷ್ಟು ವರ್ಷದಲ್ಲಿ ಕೂತದ್ದೇ ಇಲ್ಲ. ಅಲ್ಲಿಂದ ಏನೂ ಕಾಣಿಸುವುದಿಲ್ಲ. ಜೂನಿಯರಳ ಉಸಿರು ಮಾತ್ರ ಕೇಳುತ್ತದೆ. ಪದರ ಬಿಡಿಸುವ ಹೊತ್ತಿಗೆ ಎಡಗೈ ಶುರು ಮಾಡಿತು. ಬಿಡಿಸಿಕೊಳ್ಳಲು ಹೋದೆ, ಯಜಮಾನರು ಬಿಡಲಿಲ್ಲ. ಗಟ್ಟಿಯಾಗಿ ಹಿಡಿದರು. ಬಟ್ಟೆಯ ಕೆಳಗಿನಿಂದ, ತುಟಿ ಅಲ್ಲಾಡಿಸದೆ ಹೇಳಿದ ಹಾಗೆ:

"ಹೆದರ್ಬೇಡಿ ಡಾಕ್ಟ್ರೇ. ನಾನು ಅಲ್ಲಾಡಲ್ಲ."

ಅಲ್ಲಾಡಲಿಲ್ಲ. ಇಪ್ಪತ್ತೆರಡು ನಿಮಿಷ.

ನಾಳೆ ಎಂಟಕ್ಕೆ ಪಟ್ಟಿ ಬಿಚ್ಚಬೇಕು. ನೀವೇ ಬಿಚ್ಚಿ ಎಂದು ಹೇಳಿ ಕಳಿಸಿದ್ದಾರೆ. ಅಷ್ಟಕ್ಕೆ ಈ ಕೈ ಸಾಕು, ಆದರೆ ಅವರು ಕಣ್ಣು ಬಿಟ್ಟು ಮೊದಲು ನೋಡುವುದು ಈ ಅದುರುವ ಕೈಯನ್ನೇ. ನೋಡಲಿ.