ಗಾಳಿ ಬಡಿಯದ ತಂಪು

ಮಾರ್ಚ್ 11, ಮಂಗಳವಾರ

ಅಫಜಲಪುರಕ್ಕೆ ಬಾಡಿಗೆ. ಬ್ಯಾಂಕಿನ ಪ್ರಾಣೇಶರು, ಒಬ್ಬರೇ. ಬೆಳಿಗ್ಗೆ ಒಂಬತ್ತಕ್ಕೇ ಬೋನೆಟ್ಟಿನ ಮೇಲೆ ಬಿಸಿಲು ಕುಣಿಯುತ್ತಿತ್ತು. ಎ.ಸಿ. ಹಾಕಿದೆ. ರಸ್ತೆ ಕೆಲಸ ನಡೆದ ಕಡೆ ಬಂದಾಗ ಒಳಗೆಲ್ಲ ದೂಳು. ಅವರು ಕೆಮ್ಮಿದರು. ಮುಂದೆ ಕೈ ಚಾಚಿ ಒಂದು ಗುಂಡಿ ಒತ್ತಿದರು. ದೂಳು ನಿಂತಿತು.

"ಎಷ್ಟ್ ವರ್ಷ ಆತ್ರೀ ಈ ಗಾಡಿ ತೊಗೊಂಡು?"

"ಆರು ವರ್ಷ ಆತ್ರಿ ಸಾಹೇಬ್ರ."

"ಆರು ವರ್ಷ ಊರಾಗಿನ ದೂಳೆಲ್ಲಾ ಒಳಗ ಎಳಕೋತ ಹೊಂಟೀರಲ್ರೀ! ಈ ಚಿತ್ರ ನೋಡ್ರಿ. ಕಾರಿನೊಳಗ ಬಾಣ ತಿರುಗ್ಯದ. ಒಳಗಿನ ಗಾಳಿ ಒಳಗೇ ತಿರಗ್ತದ ಅಂತ ಅರ್ಥ. ಗುಂಡಿ ಬಿಟ್ರ ಹೊರಗಿಂದು ಬರ್ತದ."

ನಕ್ಕೆ. ಹದಿನೆಂಟು ವರ್ಷ ಖಜೂರಿ ದಾರಿಯಲ್ಲಿ ಲಾರಿ ಓಡಿಸಿದವನು ನಾನು. ಅಲ್ಲಿ ಕಿಟಕಿ ಇಳಿಸುವುದು, ಏರಿಸುವುದು. ಎ.ಸಿ. ಅಂದರೂ ಎರಡೇ ಗೊತ್ತಿತ್ತು. ಹಾಕುವುದು, ತೆಗೆಯುವುದು.

ಎರಡೇ ಗೊತ್ತಿತ್ತು... ಸಂಜೆಯಿಂದ ಈ ಮಾತು ಬಿಡಲೊಲ್ಲದು.

ಮಾರ್ಚ್ 14, ಶುಕ್ರವಾರ

ಮಗಳು ಸೃಷ್ಟಿಯ ಫೋನು, ಗಂಡನ ಮನೆ ಖಜೂರಿಯಿಂದ. ಎಂಟನೇ ತಿಂಗಳು ನಡೆದಿದೆ. ಏಪ್ರಿಲ್ ಕೊನೆ ಅಂದಿದ್ದಾರಂತೆ ಡಾಕ್ಟರು.

"ಈ ಸಲಾನೂ ಆಳಂದದಾಗೇ ಅಪ್ಪಾ. ಐದನೇ ದಿನಕ್ಕ ನೀನೇ ಬಾ. ಬ್ಯಾರೇ ಗಾಡಿ ಬ್ಯಾಡ."

ಈ ಸಲಾನೂ. ಎಷ್ಟು ಹಗುರವಾಗಿ ಅಂದಳು. ಅವಳು ಫೋನು ಇಟ್ಟ ಮೇಲೂ ನಾನು ಕಿವಿಗೆ ಹಿಡಿದುಕೊಂಡೇ ಇದ್ದೆ. ನನ್ನ ಹೆಂಡತಿ, ಇವಳು, ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಎದ್ದು ಹೋಗಿ ಜೋಳ ಹಸನು ಮಾಡಲು ಕೂತಳು. ಅದೇ ಮೊರದ ಜೋಳವನ್ನು ಎಷ್ಟು ಸಲ ಕೇರಿದಳೋ.

ಬರೆದೇ ಬಿಡುತ್ತೇನೆ. ಎರಡು ವರ್ಷದಿಂದ ಬರೆದಿಲ್ಲ.

ಅದೂ ಏಪ್ರಿಲ್. ಚೊಚ್ಚಲು ಹೆರಿಗೆ ಜೇವರ್ಗಿಯಲ್ಲಿ, ನಮ್ಮ ಮನೆಯಲ್ಲಿ ಆಗಬೇಕಿತ್ತು. ದಿನಕ್ಕಿಂತ ಮೊದಲೇ ಬೇನೆ ಬಂದು ಆಳಂದದಲ್ಲೇ ಆಯಿತು. ಹೆಣ್ಣು ಕೂಸು. ಐದನೇ ದಿನ ಕರೆತರಲು ಹೋದೆವು. ಆಸ್ಪತ್ರೆಯ ಕಾಗದ ಕೈಗೆ ಬರುವಷ್ಟರಲ್ಲಿ ಹನ್ನೆರಡು. ಇವಳು ಹೇಳಿದಳು, ಬಾಣಂತಿಗೆ ಗಾಳಿ ಬಡಿಯಬಾರದು, ಎ.ಸಿ. ಬೇಡ, ಗಾಜು ಏರಿಸಿರಿ. ಏರಿಸಿದೆ. ಮಗಳ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಕೂಸಿಗೆ ಉಣ್ಣೆಯ ಟೊಪ್ಪಿಗೆ, ಮೈಗೆ ಮೂರು ಸುತ್ತು. ಕಲಬುರಗಿ ದಾಟಿ ಜೇವರ್ಗಿ ಮುಟ್ಟಲು ಎರಡೂವರೆ ತಾಸು. ಹಾಗೇ, ಮುಚ್ಚಿದ ಡಬ್ಬಿಯಲ್ಲಿ.

ಮರುದಿನ ಕೂಸಿಗೆ ಜ್ವರ. ಮೂರನೇ ದಿನ ಕೂಸೇ ಇಲ್ಲ. ಮೈಯಲ್ಲಿ ನೀರು ಕಡಿಮೆಯಾಗಿತ್ತು ಅಂದರು ಡಾಕ್ಟರು. ಯಾತರಿಂದ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಇನ್ನೂ ಹೆಸರಿಟ್ಟಿರಲಿಲ್ಲ.

ಅಂದಿನಿಂದ ಇವಳು ಈ ಕಾರು ಹತ್ತಿಲ್ಲ. ಅಂದೋಲಾದ ಮಠಕ್ಕೂ ಬಸ್ಸಿನಲ್ಲೇ ಹೋಗಿಬರುತ್ತಾಳೆ. ಯಾರಾದರೂ ಕೇಳಿದರೆ, "ಬಸ್ಸಿನಾಗ ಹವಾ ಛಲೋ ಬರ್ತದ್ರಿ."

ಮಾರ್ಚ್ 19, ಬುಧವಾರ

ಯಾಸೀನನ ಹತ್ತಿರ ಹೋದೆ. ಜೇವರ್ಗಿಯಲ್ಲಿ ಕಾರಿನ ಎ.ಸಿ. ರಿಪೇರಿ ಅವನದೇ. ನನ್ನ ವಾರಿಗೆಯವನು.

"ಏನಾಗ್ಯದ ಕಲ್ಲಣ್ಣ? ಥಂಡಿ ಬರ್ವಲ್ದೇನು?"

"ಬರ್ತದ. ಅದನ್ನ ಹೆಂಗ ಬಳಸ್ಬೇಕು ಅಂತ ಹೇಳಿಕೊಡು."

ಬೋಲ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ನನ್ನ ಮುಖ ನೋಡಿದ. "ಆರು ವರ್ಷ ಆದ ಮ್ಯಾಲ ಕೇಳಾಕ ಬಂದಿಯಲ್ಲೋ! ಲಾರಿ ಬಿಟ್ರೂ ನಿನ್ನ ಮಣಕೈ ಇನ್ನಾ ಕಿಡಕ್ಯಾಗೇ ಅದ ನೋಡು."

ಬೈಯಲಿ. ಕಲಿಸಿದ. ಮರೆಯುವ ಮೊದಲು ಬರೆದಿಡುತ್ತೇನೆ, ಅವನ ಮಾತಿನಲ್ಲೇ.

"ಬಿಸಲಾಗ ನಿಂತ ಗಾಡಿ ಹತ್ತಿದ ಕೂಡ್ಲೇ ಎ.ಸಿ. ಹಾಕಬ್ಯಾಡ. ನಾಕೂ ಬಾಗಲ ತೆರಿ, ಕಾವು ಹೊರಗ ಹೋಗ್ಲಿ. ಆಮ್ಯಾಲ ಚಾಲೂ ಮಾಡು, ಗಾಜು ನಾಕು ಬಟ್ಟು ಇಳಿಸು, ಫ್ಯಾನ್ ಜೋರಿಗಿ, ಹೊರಗಿನ ಗಾಳಿ ಮ್ಯಾಲ. ಎರಡ ನಿಮಿಷ. ಆಮ್ಯಾಲ ಗಾಜು ಮುಚ್ಚಿ ಒಳಗಿನ ಗಾಳಿ ಹಾಕು. ಗಾಡಿ ತಂಪಾತಂದ್ರ ಫ್ಯಾನ್ ಒಂದಕ್ಕ ತಾ. ಥಂಡಿ ಗುಂಡಿ ನೀಲಿ ತುದಿಗೇ ಇಡಬೇಕಂತಿಲ್ಲ, ಜರಾ ಕೆಂಪಿನ ಕಡೆ ಸರಿಸು. ಅರ್ಧ ತಾಸಿಗೊಮ್ಮೆ ಹೊರಗಿನ ಗಾಳಿ ಎರಡ ನಿಮಿಷ ಬಿಡು. ಇಲ್ಲಂದ್ರ ಅದೇ ಅದೇ ಗಾಳಿ ಕುಡದು ನಿನಗ ತೂಕಡಿಕಿ ಬರ್ತದ."

ಇನ್ನೊಂದು ಗುಂಡಿ ತಿರುಗಿಸಿ ತೋರಿಸಿದ. ಮುಖಕ್ಕೆ ಬಿಡಬಹುದು, ಕಾಲಿಗೆ ಬಿಡಬಹುದು, ಎದುರಿನ ಗಾಜಿಗೆ ಬಿಡಬಹುದು.

ಮೆಲ್ಲಗೆ ಕೇಳಿದೆ. "ಗಾಳಿ ಬಡೀಬಾರದು. ಆದ್ರ ತಂಪು ಇರಬೇಕು. ಹಿಂದಿನ ಸೀಟಿಗಿ. ಆಗ್ತದೇನು?"

ಯಾಸೀನ ಬಗ್ಗಿ, ಗಾಳಿ ಬರುವ ಜಾಳಿಗೆಯ ಮೇಲೆ ಬೆರಳಿಟ್ಟ. ಅಂದು ಕೂಸನ್ನು ಮಣ್ಣು ಮಾಡಲು ಹೋದಾಗ ಜೊತೆಗೆ ಬಂದ ನಾಲ್ಕು ಜನರಲ್ಲಿ ಅವನೂ ಒಬ್ಬ. ಏನನ್ನೂ ಕೆದಕಲಿಲ್ಲ.

"ಆಗ್ತದ. ನಡುವಿನ ಎರಡು ಜಾಳಗಿ ಮ್ಯಾಲ ಎತ್ತು, ಛತ್ತಿಗಿ. ಥಂಡಿ ಗಾಳಿಗೆ ತೂಕ ಇರ್ತದ. ಛತ್ತಿಗುಂಟ ಹಿಂದ ಹೋಗಿ ತಾನೇ ಮೆತ್ತಗ ಕೆಳಗ ಇಳೀತದ. ಕಣ್ಣಿಗಿ ಕಾಣಬೇಕಂದ್ರ ಒಂದ್ ಊದಿನಕಡ್ಡಿ ಹಚ್ಚಿ ನೋಡು." ಆಮೇಲೆ, "ತಾರೀಖು ಯಾವಾಗ?"

"ಏಪ್ರಿಲ್ ಕೊನಿಗಿ."

"ಅಷ್ಟರಾಗ ಗ್ಯಾಸ್ ಚೆಕ್ ಮಾಡಿ ಕೊಡ್ತೀನಿ."

ಮಾರ್ಚ್ 23, ಭಾನುವಾರ, ಬೆಳಗಿನ ಐದೂವರೆ

ಈಗ ತಾನೇ ಎದ್ದೆ. ಕನಸು ಇನ್ನೂ ಮೈಮೇಲಿದೆ.

ಕಾರು ಭೀಮಾ ನದಿಯೊಳಗೆ ಹೋಗುತ್ತಿತ್ತು. ಸೇತುವೆಯ ಮೇಲಲ್ಲ, ಕೆಳಗೆ, ನೀರಿನ ತಳದಲ್ಲಿ. ದಾರಿ ಇತ್ತು. ಬಿಳಿ ಪಟ್ಟೆ ಕೂಡ ಇತ್ತು. ಗಾಜಿನಾಚೆ ಮೀನು, ಜೋಳದ ದಂಟು, ಯಾರದೋ ಹಸಿರು ಸೀರೆ, ಎಲ್ಲ ಸಾವಕಾಶ ತೇಲಿ ಹಿಂದೆ ಸರಿಯುತ್ತಿದ್ದವು. ಒಳಗೆ ತಂಪು. ಹಿಂದಿನ ಸೀಟಿನಲ್ಲಿ ಯಾರೋ ಉಸಿರಾಡುವ ಸಪ್ಪಳ. ಸಣ್ಣ ಉಸಿರು. ತಿರುಗಿ ನೋಡಿದರೆ ನಿಂತುಬಿಡುತ್ತದೆ ಅಂತ ತಿರುಗಲೇ ಇಲ್ಲ. ಗೇರು ಬದಲಿಸದೆ ಓಡಿಸುತ್ತಿದ್ದೆ. ಎಷ್ಟು ದೂರವೋ. ದಣಿವೇ ಇರಲಿಲ್ಲ.

ಇವಳು ಅಂಗಳ ಗುಡಿಸುವ ಸಪ್ಪಳಕ್ಕೆ ಎಚ್ಚರ.

ಏಪ್ರಿಲ್ 2, ಬುಧವಾರ

ಇಜೇರಿಗೆ ಬಾಡಿಗೆ ಬಿಟ್ಟು ಖಾಲಿ ಗಾಡಿಯಲ್ಲಿ ಬಂದೆ. ದಾರಿಯುದ್ದಕ್ಕೂ ಅಭ್ಯಾಸ. ಜಾಳಿಗೆ ಮೇಲೆ, ಫ್ಯಾನು ಒಂದು, ಒಳಗಿನ ಗಾಳಿ. ಗಡಿಯಾರ ನೋಡಿ ಹೊರಗಿನ ಗಾಳಿ. ಮತ್ತೆ ಒಳಗಿನದು. ಆಮೇಲೆ ಬೇವಿನ ನೆರಳಿಗೆ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಮಗಳು ಕೂರುವ ಜಾಗದಲ್ಲೇ ಕೂತೆ. ಕಣ್ಣು ಮುಚ್ಚಿದೆ. ನೆತ್ತಿಯ ಮೇಲೆ ಯಾರೋ ಒದ್ದೆ ಕೈ ಇಟ್ಟು ತೆಗೆದ ಹಾಗೆ. ಗಾಳಿ ಅನ್ನಿಸಲೇ ಇಲ್ಲ.

ಹೊರಗೆ ಕರಿ ನೆಲ ಬಿರುಕು ಬಿಟ್ಟು ಮಲಗಿತ್ತು. ಅದರ ಮೇಲೆ ಬಿಸಿಲು ನೀರಿನ ಹಾಗೆ ಹರಿಯುತ್ತಿತ್ತು.

ಇನ್ನೊಂದನ್ನು ಬರೆದಿಲ್ಲ. ಅಂದು ಕಲಬುರಗಿ ರಿಂಗ್ ರೋಡಿನಲ್ಲಿ ಬೆವರು ಕಣ್ಣಿಗೆ ಇಳಿದು ರಸ್ತೆ ಕಾಣಲಿಲ್ಲ. ಕೂಸು ಅಳುತ್ತಿದ್ದದ್ದು ನಿಲ್ಲಿಸಿತ್ತು. ಸಾಕಾಗಿ ಮಲಗಿದೆ ಅಂದುಕೊಂಡೆವು. ನನ್ನ ಎಡಗೈ ಎ.ಸಿ. ಗುಂಡಿಯವರೆಗೆ ಹೋಯಿತು. ಬೆರಳು ತಾಕಿತು. ಹೆಂಗಸರ ವಿಷಯ, ನಾನು ಯಾಕೆ ನಡುವೆ ಬಾಯಿ ಹಾಕಲಿ... ಕೈ ವಾಪಸ್ಸು ಬಂತು, ಗೇರಿನ ಮೇಲೆ ಕೂತಿತು.

ಇವಳಿಗೆ ಕಾವು ಗೊತ್ತಿರಲಿಲ್ಲ, ಗಾಳಿ ಬಡಿಯುತ್ತದೆ ಅಂತ ಹೆದರಿದಳು. ನನಗೆ ಕಾವು ಗೊತ್ತಿತ್ತು. ಲಾರಿಯ ಕ್ಯಾಬಿನ್ನಿನಲ್ಲಿ ಬೆಂದವನು ನಾನು. ಗೊತ್ತಿದ್ದೂ ಸುಮ್ಮನಿದ್ದೆ.

ಏಪ್ರಿಲ್ 6, ಭಾನುವಾರ, ಸಂಜೆ

ಕಾರನ್ನು ಅಂಗಳದಲ್ಲಿ ಬಯಲಿಗೆ ನಿಲ್ಲಿಸಿ ಚಾಲೂ ಮಾಡಿದೆ. ತಂಪಾಗಲು ಬಿಟ್ಟೆ. ಹಿಂದಿನ ಬಾಗಿಲ ಹತ್ತಿರ ಇವಳನ್ನು ಕರೆದೆ. ಬರಲಿಲ್ಲ. "ಕೂಡಬ್ಯಾಡ. ನಿಂತು ನೋಡು ಸಾಕು" ಅಂದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

ಒಳಗೆ ಕೂತು ಊದಿನಕಡ್ಡಿ ಹಚ್ಚಿದೆ. ಮೊದಲು ಮುಖಕ್ಕೆ ಬಿಡುವ ಹಾಗೆ ಇಟ್ಟು, ಫ್ಯಾನು ನಾಲ್ಕಕ್ಕೆ. ಹೊಗೆ ಚದುರಿ ಹಿಂದಿನ ಗಾಜಿಗೆ ಬಡಿಯಿತು. ನನ್ನ ಕಣ್ಣಿಗೂ ಹೋಯಿತು. ಕೆಮ್ಮು.

ಗಾಜಿನಾಚೆಯಿಂದ ಇವಳು, "ದೇವರ ಮುಂದ ಒಂದಿನ ಹಚ್ಚಿದವರಲ್ಲ. ಈಗ ಕಾರಿಗಿ ಪೂಜಾ ನಡಸ್ಯಾರ."

ಜಾಳಿಗೆಯನ್ನು ಮೇಲೆ, ಚಾವಣಿಯ ಕಡೆಗೆ ಎತ್ತಿದೆ. ಫ್ಯಾನು ಒಂದಕ್ಕೆ ಇಳಿಸಿದೆ. ಹಿಂದಿನ ಸೀಟಿಗೆ ಹೋಗಿ, ಕೂಸಿನ ತಲೆ ಬರುವ ಎತ್ತರಕ್ಕೆ ಕಡ್ಡಿ ಹಿಡಿದೆ. ಹೊಗೆ ನೆಟ್ಟಗೆ ಎದ್ದಿತು. ಒಂದು ಗೇಣು, ಎರಡು ಗೇಣು, ದಾರ ಎಳೆದ ಹಾಗೆ. ಮೇಲೆ ಹೋಗಿ ಅಷ್ಟೇ ಮೆಲ್ಲಗೆ ಬಾಗಿತು.

ಇವಳು ಬಾಗಿಲು ತೆರೆದಳು. ಕೈಯನ್ನಷ್ಟೇ ಒಳಗಿಟ್ಟಳು. ಅಂಗೈ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದಳು. ತಂಪು, ಗಾಳಿಯಿಲ್ಲ. ಕೈ ಹಾಗೇ ಇತ್ತು. ಬಹಳ ಹೊತ್ತು. ಕಡ್ಡಿ ಅರ್ಧ ಉರಿಯಿತು.

"ಅವತ್ತ ನಿಮ್ಮ ಕೈ ಹೋಗಿತ್ತು."

ಕಡ್ಡಿಯ ಬೂದಿ ನನ್ನ ತೊಡೆಯ ಮೇಲೆ ಬಿತ್ತು.

"ಗುಂಡಿ ಮಟ ಹೋಗಿ ತಿರುಗಿ ಬಂತು. ಹಿಂದ ಕುಂತು ನೋಡಿದೆ ನಾ. ಹಾಕ್ತೀರಿ ಅಂತ ಕಾದೆ. ಹಾಕಿದ್ರ ಬೈತಿದ್ದೆ ನಾನೇ. ಆದ್ರೂ ಕಾದೆ."

"ನೀನೂ..."

"ಒಮ್ಮೆ ಬ್ಯಾಡ ಅಂದ ಬಾಯಿಲೆ ಹೆಂಗ ಹಾಕ್ರಿ ಅನ್ಲಿ? ಕೂಸಿನ ಟೊಪ್ಪಿಗಿ ತೊಯ್ದು ಹೋಗಿತ್ತು, ನನ್ನ ಕೈಯಾಗೇ. ಗೊತ್ತಾಗಿತ್ತು ನನಗ."

ಅಳಲಿಲ್ಲ. ಕೈ ಹೊರಗೆ ತೆಗೆದು, ಬಾಗಿಲನ್ನು ಸಪ್ಪಳವಾಗದಂತೆ ಹಾಕಿ ಒಳಗೆ ಹೋದಳು. ನಾನು ಕೂತೇ ಇದ್ದೆ. ಎರಡು ವರ್ಷ ಒಂದೇ ಮನೆಯಲ್ಲಿ, ಒಂದೇ ಮಾತನ್ನು ಇಬ್ಬರೂ ಬೇರೆ ಬೇರೆ ಹೊತ್ತಿದ್ದೆವು.

ಏಪ್ರಿಲ್ 24, ಗುರುವಾರ

ಬೆಳಿಗ್ಗೆ ಏಳಕ್ಕೆ ಹೆಣ್ಣು. ಎರಡು ಕಿಲೋ ಎಂಟುನೂರು. ಇಬ್ಬರೂ ಆರಾಮ.

ಇವಳು ಬಸ್ಸಿಗೆ ಹೋಗಿ ನೋಡಿ ಬಂದಳು. "ಮೂಗು ನಿಮ್ಮದ್ರಿ, ಪಾಪ" ಅಂದಳು. ಬಹಳ ದಿನದ ಮೇಲೆ ಚೇಷ್ಟೆ.

ಏಪ್ರಿಲ್ 28, ಸೋಮವಾರ, ಬೆಳಿಗ್ಗೆ ಆರು

ಹೊರಟಿದ್ದೇವೆ. ಬಿಸಿಲೇರುವ ಮೊದಲೇ ಅಂತ ಎದ್ದರೂ ಕಾಗದ ಯಾವಾಗ ಕೊಡುತ್ತಾರೋ. ನೀರು, ಬಟ್ಟೆ, ತೊಟ್ಟಿಲ ಹಾಸಿಗೆ ಎಲ್ಲ ಇಟ್ಟೆ.

ಇವಳು ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಳು. ಬಸ್ಸಿನ ಹೊತ್ತು ಕೇಳುತ್ತಾಳೆ ಅಂದುಕೊಂಡೆ. ಬಂದು ಹಿಂದಿನ ಬಾಗಿಲು ತೆರೆದು ಕೂತಳು. ಈಗ ನೀರಿನ ಕ್ಯಾನು ತರುವ ನೆವ ಮಾಡಿ ಒಳಗೆ ಬಂದು ಬರೆಯುತ್ತಿದ್ದೇನೆ.

ಅದೇ ದಿನ, ಮಧ್ಯಾಹ್ನ ಒಂದೂವರೆ, ಕಲಬುರಗಿ ದಾಟಿ

ಕೂಸು ಹಾಲಿಗೆ ಅತ್ತಿತು. ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಕಾರು ಚಾಲೂ ಇದೆ, ಎ.ಸಿ. ಇದೆ, ಹೊರಗಿನ ಗಾಳಿಗೆ ಹಾಕಿದ್ದೇನೆ. ಮಗಳು ಹಾಲು ಕೊಡುವಾಗ ನಾನು ಒಳಗೆ ಇರುವುದು ಬೇಡ ಅಂತ ಹೊರಗೆ ನಿಂತಿದ್ದೇನೆ. ಪುಸ್ತಕವನ್ನು ಮರದ ಕಾಂಡಕ್ಕೆ ಒತ್ತಿ ಬರೆಯುತ್ತಿದ್ದೇನೆ. ನಲವತ್ತಮೂರು ಡಿಗ್ರಿ ಅಂತೆ. ರಸ್ತೆ ಕರಗಿ ದೂರದಲ್ಲಿ ಹೊಳೆಯುತ್ತಿದೆ. ಆ ಹೊಳಪಿನಿಂದ ಲಾರಿಗಳು ಎದ್ದು ಬರುತ್ತಿವೆ, ಕಾಲಿಲ್ಲದವರ ಹಾಗೆ ತೇಲುತ್ತ.

ಆಸ್ಪತ್ರೆ ಬಿಟ್ಟದ್ದು ಈ ಸಲವೂ ತಡವಾಗಿಯೇ, ಹನ್ನೊಂದೂವರೆಗೆ. ನಾಲ್ಕೂ ಬಾಗಿಲು ತೆರೆದೆ, ಕಾವು ಬಿಟ್ಟೆ, ಯಾಸೀನ ಹೇಳಿದಂತೆ ಎಲ್ಲ ಮಾಡಿದೆ. ಬೀಗತಿ ಗೇಟಿನ ಹತ್ತಿರ ಬಂದು ಒಳಗೆ ಬಗ್ಗಿ ನೋಡಿದರು.

"ಬೀಗ್ರ, ಎ.ಸಿ. ಹಾಕೀರೇನು? ಬಂದ್ ಮಾಡ್ರಿ ಮೊದಲ. ಹಸಿ ಬಾಣಂತಿ ಇದ್ದಾಳ."

ಹೆಂಗಸರ ವಿಷಯ... ಆದರೂ ಬಾಯಿ ತೆರೆದೆ.

"ಬಂದ್ ಮಾಡಲ್ರಿ ಬೀಗತಿ."

"ಅಂದ್ರ?"

"ಗಾಳಿ ಬಡಿಯಲ್ರಿ. ಕೈ ಇಟ್ಟು ನೋಡ್ರಿ. ಹೋದ ಸಲ ಬಂದ್ ಮಾಡಿದ್ದೆ. ಈ ಸಲ ಮಾಡಲ್ರಿ."

ಅಷ್ಟು ಮಾತು ನಾನು ಅವರೆದುರು ಎಂದೂ ಆಡಿದವನಲ್ಲ. ಅವರು ನನ್ನ ಹೆಂಡತಿಯ ಮುಖ ನೋಡಿದರು, ಅವಳಾದರೂ ಬುದ್ಧಿ ಹೇಳಲಿ ಅಂತ. ಇವಳು ಕೂಸನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ಹೌದ್ರಿ ಅಕ್ಕಾ" ಅಂದಳು. ಬೀಗತಿ ಕೈ ಒಳಗೆ ಇಟ್ಟು ನೋಡಿದರು. ಕೂಸಿನ ಹಣೆ ಮುಟ್ಟಿ, ಬಾಗಿಲು ತಾವೇ ಹಾಕಿದರು.

ಆಳಂದ ಊರು ದಾಟಿದ ಮೇಲೆ ಹಿಂದಿನಿಂದ ಇವಳ ದನಿ.

"ಕೇಳ್ರಿ. ಟೊಪ್ಪಿಗಿ ತೆಗೀಲೇನು?"

ಮೂವತ್ತು ವರ್ಷದ ಸಂಸಾರ. ಕೂಸಿನ ವಿಷಯ ನನ್ನನ್ನು ಕೇಳಿದ್ದು ಇದೇ ಮೊದಲು.

"ತೆಗಿ. ಮ್ಯಾಲಿನ ಒಂದ್ ಸುತ್ತೂ ಬಿಚ್ಚು."

ಸೃಷ್ಟಿ ತಾಯಿಯ ಕೈ ಮೇಲೆ ಕೈ ಇಟ್ಟಳು. ಕೂಸು ಅಳುತ್ತಲೇ ಇತ್ತು, ಜೋರಾಗಿ. ಅಳಲಿ ಅನ್ನಿಸಿತು. ಅಷ್ಟು ಹಿತವಾದ ಸಪ್ಪಳ ನಾನು ಕೇಳಿಯೇ ಇರಲಿಲ್ಲ.

ಇನ್ನು ಮುಕ್ಕಾಲು ತಾಸಿನ ದಾರಿ. ಗಾಜಿನಲ್ಲಿ ಬೇವಿನ ನೆರಳು ಆಡುತ್ತಿದೆ. ಅದರ ಹಿಂದೆ ಇವಳ ಮುಖ ಕಾಣುತ್ತದೆ, ಹೋಗುತ್ತದೆ. ನನ್ನ ಅಂಗಿ ಬೆನ್ನಿಗೆ ಅಂಟಿದೆ. ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸುತ್ತದೆ, ಈ ಬಿಸಿಲಿನಲ್ಲಿ, ಸುಮ್ಮನೆ.

ಸೃಷ್ಟಿ ಗಾಜು ಇಳಿಸಿದಳು.

"ಅಪ್ಪಾ, ಆತು. ಬಾ ಒಳಗ. ಆ ಬಿಸಲಾಗ ಏನ್ ಬರಿಯಾಕತ್ತಿ?"

ಹಿಂದಿನಿಂದ ಇವಳು, "ಲಗೂ ಬರ್ರಿ. ಗಾಜು ಏರಸಬೇಕು, ತಂಪೆಲ್ಲಾ ಹೊರಗ ಹೊಂಟದ."