ಬೈದವರ ವೋಟು

ಆಲ್ಡರ್ ಫಾಲ್ಸ್, ನ್ಯೂ ಹ್ಯಾಂಪ್‌ಶೈರ್
ಭಾನುವಾರ

ಅಪ್ಪಾ,

ಇಲ್ಲಿಯ ಚಳಿಯ ಮುಂದೆ ನಮ್ಮ ಓಹಾಯೋದ ಚಳಿ ಏನೂ ಅಲ್ಲ. ಅಧ್ಯಕ್ಷ ಪದವಿಗೆ ಪಕ್ಷ ಯಾರನ್ನು ನಿಲ್ಲಿಸಬೇಕೆಂದು ಮಂಗಳವಾರ ಇಲ್ಲಿಯವರು ವೋಟು ಹಾಕುತ್ತಾರೆ. ಪಕ್ಷದ ದೊಡ್ಡವರು ಲೆಕ್ಕಕ್ಕೇ ಇಟ್ಟುಕೊಳ್ಳದ ನಮ್ಮ ದನದ ಡಾಕ್ಟರಮ್ಮ ಟಿಲ್ಸನ್‌ಗಾಗಿ ನಾನು ಹಿಮ ತುಳಿದು ಮನೆಮನೆ ಬಾಗಿಲು ತಟ್ಟುತ್ತಿದ್ದೇನೆ.

ನಿನ್ನೆ ಹೋದಲ್ಲೆಲ್ಲ ಬಿಸಿ ಕಾಫಿ, ಬಿಸ್ಕತ್ತು, "ಖಂಡಿತ ಅವರಿಗೇ ಹಾಕ್ತೀವಮ್ಮ" ಎಂಬ ಮಾತು. ರೂಲೋ ಎಂಬ ಮುದುಕರೊಬ್ಬರು ಮಾತ್ರ ಹಿಮ ಎತ್ತುವ ಸಲಿಕೆ ಹಿಡಿದುಕೊಂಡೇ ನನ್ನನ್ನು ಅಂಗಳದಲ್ಲಿ ಅರ್ಧ ಗಂಟೆ ನಿಲ್ಲಿಸಿ ಬೈದರು. "ಹಸೂಗೆ ಸೂಜಿ ಚುಚ್ಚೋಳು ದೇಶ ಆಳ್ತಾಳಾ? ಎರಡು ಸಲ ಹೋಗಿ ಅವಳ ಭಾಷಣ ಕೇಳ್ದೆ. ಎರಡು ಸಲಾನೂ ತೆರಿಗೆ ವಿಷಯ ಎತ್ತಿದ್ರೆ ಸರಿಯಾಗಿ ಉತ್ತರ ಕೊಡ್ಲಿಲ್ಲ!"

ನಾನು ಉಳಿದುಕೊಂಡಿರುವ ಮನೆಯ ಓಡೆಟ್ ಅಜ್ಜಿ ನನ್ನ ಸಪ್ಪೆ ಮುಖ ನೋಡಿ ನಕ್ಕೇ ನಕ್ಕರು. "ಅಯ್ಯೋ ಹುಚ್ಚಿ, ಬಿಸ್ಕತ್ತು ಕೊಡೋರು ಬಾಗಿಲಿಗೆ ಬಂದ ಎಲ್ರಿಗೂ ಕೊಡ್ತಾರೆ, ಎಲ್ರಿಗೂ ಹಾಕ್ತೀವಿ ಅಂತಾರೆ. ಬೇಡದೋರಿಗೆ ಆ ರೂಲೋ ಬಾಗಿಲೇ ತೆಗೆಯಲ್ಲ. ಈ ಚಳೀಲಿ ನಿಂತು ಜಗಳ ಆಡಿದಾನೆ ಅಂದ್ರೆ ಆ ವೋಟು ನಿಮ್ದೇ."

ಗೆಲ್ಲುತ್ತೇವೆ ಎನ್ನಲಾರೆ. ಬೈಯುವವರು ಇನ್ನೂ ಬಹಳ ಜನ ಬೇಕು.

ಕೆಮ್ಮು ಕಡಿಮೆಯಾಗಿದೆ. ಅಮ್ಮ ಹೆಣೆದ ಉಣ್ಣೆಯ ಕಾಲುಚೀಲ ಎರಡು ಜೊತೆ ಒಂದರ ಮೇಲೊಂದು ಹಾಕಿಕೊಳ್ಳುತ್ತೇನೆಂದು ಅವಳಿಗೆ ಹೇಳಿ.

ಕಾಗದದಲ್ಲಿ ಜಾಗ ಮುಗಿಯುತ್ತಾ ಬಂತು. ಈ ವೋಟು ಹಾಕಲು ನಮ್ಮ ರಾಜ್ಯದ ಸರದಿ ಮಾರ್ಚ್‌ನಲ್ಲಿ. ನೀವು ದಿನಾ ಫೋನಿನಲ್ಲಿ ಟಿಲ್ಸನ್‌ರನ್ನು ಬೈಯುವುದನ್ನು ಅಜ್ಜಿಗೆ ಹೇಳಿದೆ. "ಹಾಗಾದ್ರೆ ಆ ಬಾಗಿಲು ತಟ್ಟೋದೇ ಬೇಡ ಬಿಡು" ಎಂದರು.

ನಿಮ್ಮ ಮೊಂಡು ಮಗಳು,
ಮಾರ್ನಿ